ಚಂಚಿಯೊಳಗಿನ ಫೋನು

ಕರಜಗಿಯಿಂದ ಸೊಲ್ಲಾಪುರಕ್ಕೆ ಹೊರಟ ಜೀಪಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಗುರುಬಾಯಿ, ಸೆರಗು ಸರಿಪಡಿಸುವ ನೆಪದಲ್ಲಿ ಗಳಿಗೆಗೊಮ್ಮೆ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಸೀರೆಯ ನಿರಿಗೆಯ ಒಳಗೆ, ಲಂಗದ ಲಾಡಿಗೆ ಬಿಗಿದು ಕಟ್ಟಿದ ಎಲೆಅಡಿಕೆಯ ಚಂಚಿ ಇತ್ತು. ಅದರ ಒಂದು ಅರೆಯಲ್ಲಿ ಎಲೆ, ಅಡಿಕೆ, ಸುಣ್ಣದ ಡಬ್ಬಿ. ಇನ್ನೊಂದು ಅರೆಯಲ್ಲಿ, ಹಳೆ ಕುಪ್ಪಸದ ತುಂಡಿನಲ್ಲಿ ಸುತ್ತಿದ ಗುಂಡಿ ಫೋನು. ಆ ಫೋನು ತನ್ನ ಹತ್ತಿರ ಇದೆಯೆಂದು ಮುಂದಿನ ಸೀಟಿನಲ್ಲಿ ಕೂತ ಗಂಡನಿಗೆ ಗೊತ್ತಿರಲಿಲ್ಲ. ಐದು ವರ್ಷದಿಂದ ಗೊತ್ತಿರಲಿಲ್ಲ.

ಗಂಡ ಭೀಮಣ್ಣ ಅವತ್ತು ಹೊಸ ರುಮಾಲು ಸುತ್ತಿದ್ದ. ತಾಲೂಕಿನ ಕುರಿಗಾರರೆಲ್ಲ ಬೇಗ ಮೈ ತುಂಬುವ ಮಾಂಸದ ತಳಿಗಳಿಗೆ ಹೊರಳಿದ ಮೇಲೂ ಅವನೊಬ್ಬ ಕರೀ ಉಣ್ಣೆಯ ದಖನಿ ಕುರಿಗಳನ್ನೇ ಸಾಕಿಕೊಂಡು ಬಂದಿದ್ದ. ಸೊಲ್ಲಾಪುರದ ದನದ ಡಾಕ್ಟರು ಅನಂತ ಅವರು ಆ ಸುದ್ದಿಯನ್ನು ಮುಂಬೈಯ ಒಂದು ಸಂಸ್ಥೆಗೆ ಮುಟ್ಟಿಸಿದ್ದರು. ಸಂಸ್ಥೆಯವರು ಗಂಡ ಹೆಂಡತಿ ಇಬ್ಬರಿಗೂ ಸನ್ಮಾನ ಎಂದು ಹೇಳಿ ವಿಮಾನದ ಟಿಕೀಟು ಕಳಿಸಿದ್ದರು. ಸೊಲ್ಲಾಪುರದಿಂದ ವಿಮಾನ ಶುರುವಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಊರಿನಲ್ಲಿ ಅದನ್ನು ಹತ್ತಿದವರು ಯಾರೂ ಇರಲಿಲ್ಲ. ಓಣಿಯ ಹೆಂಗಸರು ಗುರುಬಾಯಿಯನ್ನು ನಡುವೆ ಕೂಡಿಸಿಕೊಂಡು, ಅಂಜಿಕೆ ಬರೂದಿಲ್ಲೇನು ಎಂದು ಕೇಳಿದ್ದರು. ಅವಳು ನಕ್ಕಿದ್ದಳು. ಅವಳ ಮನಸ್ಸು ವಿಮಾನದ ಮೇಲೆ ಇರಲೇ ಇಲ್ಲ, ವಿಮಾನ ನಿಲ್ದಾಣದ ಬಾಗಿಲಿನ ಮೇಲಿತ್ತು. ಅಲ್ಲಿ ಅವಳ ಮಗಳು ಬರುವವಳಿದ್ದಳು.

ಮಗಳ ಹೆಸರು ಸಾರಿಕಾ. ಸೊಲ್ಲಾಪುರದ ಹತ್ತಿರದ ಚಿಂಚೋಳಿಯಲ್ಲಿ, ಎಂಐಡಿಸಿ ಎನ್ನುವ ಕೈಗಾರಿಕಾ ವಸಾಹತಿನ ಒಂದು ಕಾರಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದವಳು, ಪಕ್ಕದ ಗೋದಾಮಿನಲ್ಲಿ ಗಾಡಿ ಓಡಿಸುತ್ತಿದ್ದ ಸೂರಜ ಎಂಬ ಹುಡುಗನನ್ನು ಮದುವೆಯಾದಳು. ಹುಡುಗ ಬೇರೆ ಜಾತಿಯವನು. ಸುದ್ದಿ ಬಂದ ದಿನ ಭೀಮಣ್ಣ ಕೂಗಾಡಲಿಲ್ಲ, ಯಾರ ಮನೆಗೂ ಜಗಳಕ್ಕೆ ಹೋಗಲಿಲ್ಲ. ಗೋಡೆಯ ಮೇಲಿದ್ದ ಮಗಳ ಸಾಲೆಯ ಫೋಟೋ ಇಳಿಸಿ ಟ್ರಂಕಿನಲ್ಲಿಟ್ಟ. "ಇವತ್ತಿನಿಂದ ಈ ಮನ್ಯಾಗ ಆಕಿ ಹೆಸರು ಬರಬಾರದು" ಎಂದ. ಹೇಳಿದ ಮಾತನ್ನು ತಾನೂ ಪಾಲಿಸಿದ. ಆರು ವರ್ಷದಲ್ಲಿ ಒಮ್ಮೆಯೂ, ಜ್ವರದಲ್ಲಿ ಬಡಬಡಿಸುವಾಗ ಕೂಡ, ಆ ಹೆಸರು ಅವನ ಬಾಯಿಂದ ಬಂದಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಅಂಗನವಾಡಿಯ ಸೋನಾಬಾಯಿ ಒಂದು ಮಧ್ಯಾಹ್ನ ತೊಗರಿಬೇಳೆಯ ಪುಡಿಕೆಯಲ್ಲಿಟ್ಟು ಆ ಫೋನನ್ನು ತಂದುಕೊಟ್ಟಿದ್ದಳು. "ನಿನ್ನ ಮಗಳು ಕಳಿಸ್ಯಾಳ. ಎರಡನೇ ಗುಂಡಿ ಒತ್ತಿ ಹಿಡಿದ್ರ ಆಕಿಗೇ ಹೋಗ್ತೈತಂತ" ಎಂದಿದ್ದಳು. ಗುರುಬಾಯಿಗೆ ಓದು ಬರಹ ಬಾರದು, ಮಗಳ ನಂಬರೂ ಗೊತ್ತಿಲ್ಲ. ಗೊತ್ತಿದ್ದುದು ಆ ಒಂದು ಗುಂಡಿ ಮಾತ್ರ. ವಾರಕ್ಕೊಮ್ಮೆ ಸೋನಾಬಾಯಿ ಅಂಗನವಾಡಿಯಲ್ಲಿ ಅದನ್ನು ಚಾರ್ಜ್ ಮಾಡಿ ಕೊಡುತ್ತಿದ್ದಳು. ಮಧ್ಯಾಹ್ನ ಕುರಿ ಕಾಯುವ ಗಂಡನಿಗೆ ಬುತ್ತಿ ಕೊಟ್ಟು ತಿರುಗಿ ಬರುವಾಗ, ದಿಬ್ಬದ ಈಚೆಗಿನ ಜಾಲಿಗಿಡದ ಕೆಳಗೆ ಕೂತು ಗುರುಬಾಯಿ ಎರಡನ್ನು ಒತ್ತಿ ಹಿಡಿಯುತ್ತಿದ್ದಳು. ಸುತ್ತ ಒಂದು ನರಪಿಳ್ಳೆ ಇರದಿದ್ದರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು. ಮೊಣಕಾಲ ನೋವು, ಬೆಳಗಿನ ಜಾವ ಬಿದ್ದ ಕನಸು, ಊಟಕ್ಕೆ ಕೂತಾಗ ಗಂಡ ಒಂದು ಮಾತೂ ಆಡದೆ ಎದ್ದು ಹೋಗುವುದು, ಹೀಗೆ ಬೇರೆ ಯಾರಿಗೂ ಹೇಳದ್ದನ್ನೆಲ್ಲ ಅಲ್ಲಿ ಹೇಳುತ್ತಿದ್ದಳು. ಆ ಮನೆಯಲ್ಲಿ ಅವಳದೇ ಎನ್ನುವ ಒಂದು ಮೂಲೆ ಇರಲಿಲ್ಲ. ಇದ್ದದ್ದು ಆ ಜಾಲಿಯ ನೆರಳು, ಆ ಹತ್ತು ನಿಮಿಷ.

ಆಮೇಲೆ ಸಾರಿಕಾಳಿಗೆ ಹೆಣ್ಣು ಕೂಸು ಹುಟ್ಟಿತು. ಭಕ್ತಿ ಎಂದು ಹೆಸರಿಟ್ಟರು. ಮೊದಲು ಪುಣೆಯ ಕಡೆ ಇದ್ದ ಮಗಳು ಅಳಿಯ ಎರಡು ವರ್ಷದ ಹಿಂದೆ ಮತ್ತೆ ಚಿಂಚೋಳಿಗೆ ಬಂದರು. ಕರಜಗಿಯಿಂದ ಅಲ್ಲಿಗೆ ಎಸ್‌ಟಿ ಬಸ್ಸಿನಲ್ಲಿ ಅರ್ಧ ದಿನದ ದಾರಿಯೂ ಅಲ್ಲ. ಆದರೆ ಗುರುಬಾಯಿ ಒಬ್ಬಳೇ ಅಕ್ಕಲಕೋಟೆ ದಾಟಿದವಳಲ್ಲ. ಕೂಸಿನ ದನಿಯನ್ನಷ್ಟೇ ಅವಳು ಬಲ್ಲಳು. "ನಾ ನಿನ್ನ ಆಯಿ" ಎಂದು ಒಮ್ಮೆ ಫೋನಿನಲ್ಲಿ ಹೇಳಿದಾಗ ಆ ಕೂಸು ಮರಾಠಿಯಲ್ಲಿ, ನೀನು ಆಈ ಅಲ್ಲ, ನನ್ನ ಆಈ ಇಲ್ಲೇ ಇದ್ದಾಳೆ ಎಂದು ಗಟ್ಟಿಯಾಗಿ ತಕರಾರು ಮಾಡಿತ್ತು. ಕನ್ನಡದ ಅಜ್ಜಿ ಮರಾಠಿಯಲ್ಲಿ ತಾಯಿಯಾಗಿಬಿಟ್ಟಿದ್ದಳು. ಸಾರಿಕಾ ನಕ್ಕಿದ್ದಳು. ಫೋನಿಟ್ಟ ಮೇಲೆ ಗುರುಬಾಯಿ ಬಹಳ ಹೊತ್ತು ಅಲ್ಲೇ ಕೂತಿದ್ದಳು.

ವಿಮಾನದ ಸುದ್ದಿ ಕೇಳಿದಾಗ ಸಾರಿಕಾಳೇ ದಾರಿ ಹುಡುಕಿದಳು. "ಅವ್ವಾ, ಅಲ್ಲಿ ಬಾಗಿಲ ಹತ್ರ ನಾ ಬಂದು ನಿಂದರ್ತೀನಿ. ದೂರ ನಿಂದರ್ತೀನಿ. ನೀ ಮಾತಾಡಬ್ಯಾಡ, ಬರೇ ನೋಡಿ ಹೋಗು. ಭಕ್ತಿಗೆ ಹಳದಿ ಫ್ರಾಕ್ ಹಾಕ್ತೀನಿ, ದೂರಿಂದ ಕಾಣತೈತಿ."

ಅನಂತ ಡಾಕ್ಟರ ಜೀಪು ನಿಲ್ದಾಣದ ಮುಂದೆ ನಿಂತಾಗ ಗುರುಬಾಯಿ ಇಳಿಯುವ ಮೊದಲೇ ಸುತ್ತ ಕಣ್ಣಾಡಿಸಿದಳು. ಗಾಡಿಗಳ ಸಾಲು, ಸೂಟ್‌ಕೇಸ್ ಎಳೆಯುವ ಮಂದಿ, ನೆರಳಿನಲ್ಲಿ ನಿಂತ ಇಬ್ಬರು ಪೊಲೀಸರು. ಹಳದಿ ಬಣ್ಣ ಎಲ್ಲೂ ಇರಲಿಲ್ಲ. ಕಾಲಿಗೆ ಜೋಮು ಹಿಡಿದಿದೆ ಎಂದು ಜೀಪಿನ ಬಾಗಿಲು ಹಿಡಿದು ನಿಂತಳು. ನೀರು ಬೇಕೆಂದಳು. ನೀರು ಕುಡಿಯುತ್ತ ರಸ್ತೆಯ ಆ ತುದಿಯವರೆಗೂ ನೋಡಿದಳು.

"ಲಗೂ ನಡೀರಿ. ಒಳಗ ತಪಾಸಣಿಗೆ ಟೈಮ್ ಹಿಡೀತೈತಿ" ಎಂದು ಅನಂತ ಡಾಕ್ಟರು ಅವಸರ ಮಾಡಿದರು. ಟಿಕೀಟಿಲ್ಲದ ಅವರು ಒಳಗೆ ಬರುವಂತಿರಲಿಲ್ಲ. ಬಾಗಿಲಲ್ಲೇ ನಿಂತು ಇಬ್ಬರಿಗೂ ತಿಳಿಸಿ ಹೇಳಿದರು. "ದೊಡ್ಡ ಗಂಟು ಮೊದಲ ಕೊಟ್ಟುಬಿಡ್ರಿ. ಆಮ್ಯಾಲ ಒಂದು ಮಶೀನ್ ಬರತೈತಿ. ಕಿಸೇದಾಗಿನ ಫೋನು, ಚಾವಿ, ಚಿಲ್ಲರ, ಎಲ್ಲಾ ಟ್ರೇದಾಗ ಇಡಬೇಕು. ಏನೂ ಮುಚ್ಚಿಡಾಕ ಹೋಗಬ್ಯಾಡ್ರಿ. ಅದು ಚೀಲದಾಗಿನ ಸೂಜಿ ಸುದ್ದಾ ಕಾಣಸ್ತೈತಿ."

ಗುರುಬಾಯಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಇಂಥದೊಂದು ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಳಗೆ ಹೋಗುವ ಬಾಗಿಲಲ್ಲಿ ಪೊಲೀಸನೊಬ್ಬ ಆಧಾರ್ ಕಾರ್ಡಿನ ಫೋಟೋ ನೋಡಿ ಮುಖ ನೋಡಿದ. ಗುರುಬಾಯಿ ಮುಖ ಕೊಟ್ಟು ನಿಂತಳಾದರೂ ಕಣ್ಣು ಅವನ ಹೆಗಲ ಮೇಲಿಂದ ರಸ್ತೆಯ ಕಡೆಗೇ ಇತ್ತು. ಬರಲಿಲ್ಲ. ಕೂಸಿಗೆ ಮೈ ಬೆಚ್ಚಗಾಯಿತೋ, ಬಸ್ಸು ತಪ್ಪಿತೋ. ಫೋನು ತೆಗೆದು ಕೇಳುವಂತಿಲ್ಲ. ಭೀಮಣ್ಣ ಬೆನ್ನಿಗೇ ಇದ್ದ.

ಮುಂಬೈಯಲ್ಲಿ ತೋರಿಸಲು ತಂದಿದ್ದ ಕಂಬಳಿಗಳ ಗಂಟು ಬೆಲ್ಟಿನ ಮೇಲೆ ಸಾಗಿ ಹೋಯಿತು. ಮುಂದೆ ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. ಭೀಮಣ್ಣ ಕೈಚೀಲ, ತನ್ನ ಫೋನು, ಸೊಂಟದ ಪಟ್ಟಿ ಎಲ್ಲವನ್ನೂ ಟ್ರೇಯಲ್ಲಿಟ್ಟು ಆ ಕಡೆ ಹೋದ. ಗುರುಬಾಯಿ ಬರಿಗೈಯಲ್ಲಿ ಕಬ್ಬಿಣದ ಚೌಕಟ್ಟಿನೊಳಗೆ ಕಾಲಿಟ್ಟಳು. ಅದು ಕೂಗಿತು.

ಪಕ್ಕದಲ್ಲಿ ಪಡದೆ ಕಟ್ಟಿದ ಸಣ್ಣ ಗೂಡು. ಒಳಗೆ ಖಾಕಿ ಉಡುಪಿನ ಹುಡುಗಿಯೊಬ್ಬಳು, ಇಪ್ಪತ್ತೈದರ ಆಸುಪಾಸಿನವಳು, "ಯಾ ಮಾವಶಿ" ಎಂದು ಮರಾಠಿಯಲ್ಲಿ ಕರೆದು, ಪುಟ್ಟ ಹಲಗೆಯ ಮೇಲೆ ನಿಲ್ಲಿಸಿ ಪಡದೆ ಎಳೆದಳು. ಕೈಯಲ್ಲಿದ್ದ ಕೋಲನ್ನು ತೋಳಿನ ಗುಂಟ, ಬೆನ್ನಿನ ಗುಂಟ ಆಡಿಸಿದಳು. ಸೊಂಟದ ಹತ್ತಿರ ಬಂದಾಗ ಕೋಲು ಗುಂಯ್ ಎಂದಿತು.

"ಕಾಯ್ ಆಹೇ ಹೇ?"

"ಸುಣ್ಣದ ಡಬ್ಬಿ ಐತ್ರಿ" ಎಂದಳು ಗುರುಬಾಯಿ. ಮರಾಠಿ ಬರುತ್ತಿದ್ದರೂ ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡ.

ಹುಡುಗಿ ಒಂದು ಗಳಿಗೆ ತಲೆಯೆತ್ತಿ ನೋಡಿದಳು. ಅವಳ ದನಿ ಬದಲಾಯಿತು. "ಯಾವೂರ್ರಿ?"

"ಕರಜಗಿ."

"ನಂದು ಕುರನೂರ್ರಿ. ಡ್ಯಾಮಿನ ಬಾಜೂಕ ನಮ್ಮ ಮನಿ. ಶೀತಲ ಅಂತ ನನ್ನ ಹೆಸರು. ಡಬ್ಬಿ ತಗದು ನನ್ನ ಕೈಯಾಗ ಕೊಡ್ರಿ."

ಗುರುಬಾಯಿ ಚಂಚಿಯ ಮೇಲಿನ ಅರೆ ಬಿಚ್ಚಿ ಡಬ್ಬಿ ಕೊಟ್ಟಳು. ಶೀತಲ ಅದನ್ನು ಪಕ್ಕಕ್ಕಿಟ್ಟು ಮತ್ತೆ ಕೋಲು ಆಡಿಸಿದಳು. ಕೋಲು ಮತ್ತೆ ಅದೇ ಜಾಗದಲ್ಲಿ ಗುಂಯ್ ಎಂದಿತು. "ಮುಟ್ಟಿ ನೋಡ್ತೀನ್ರಿ" ಎಂದು ಮೊದಲೇ ಹೇಳಿ, ಅಂಗೈಯ ಹಿಂಬದಿಯಿಂದ ನಿರಿಗೆಯ ಮೇಲೆ ಸವರಿದಳು. ಗುರುಬಾಯಿಯ ಮೈ ಬಿಗಿಯಿತು. ಬಾಣಂತನದ ಸೂಲಗಿತ್ತಿಯನ್ನು ಬಿಟ್ಟರೆ ಹೊರಗಿನ ಹೆಂಗಸೊಬ್ಬಳು ಅವಳ ಸೊಂಟ ಮುಟ್ಟಿದ್ದೇ ಇಲ್ಲ.

"ಫೋನ್ ಐತಲ್ರಿ ಇದು."

ಗುರುಬಾಯಿ ಸೆರಗನ್ನು ಸೊಂಟದ ಮೇಲೆ ಎಳೆದುಕೊಂಡಳು.

"ಹೆದರಬ್ಯಾಡ್ರಿ. ಫೋನ್ ಒಯ್ಯಾಕ ಅಡ್ಡಿ ಇಲ್ಲ. ಆದ್ರ ಮಶೀನಿನ್ಯಾಗ ಹಾಕಬೇಕು. ಟ್ರೇದಾಗ ಇಡ್ರಿ, ಆ ಕಡೆ ಹೋಗಿ ತಗೋರಿ, ಅಷ್ಟ."

"ಆ ಕಡೆ ನಮ್ಮ ಮನಿಯವರು ನಿಂತಾರ ತಂಗಿ."

"ನಿಲ್ಲಲಿ ಬಿಡ್ರಿ."

"ಅವರಿಗೆ ಗೊತ್ತಿಲ್ಲ." ಗುರುಬಾಯಿ ಶೀತಲಳ ಮುಂಗೈ ಹಿಡಿದಳು. ಐದು ವರ್ಷದ ಕತೆ ನಾಲ್ಕು ಮಾತಿನಲ್ಲಿ ಹೊರಬಂತು. ಮಗಳು, ಮದುವೆ, ಎರಡನೇ ಗುಂಡಿ, ಹಳದಿ ಫ್ರಾಕು. "ನೀನ ನೋಡಿಬಿಟ್ಟಿಯಲ್ಲ. ಅದರಾಗ ಬಾಂಬು ಇಲ್ಲ, ಚೂರಿ ಇಲ್ಲ. ನೋಡಿ ನನಗ ತಿರುಗಿ ಕೊಟ್ಟುಬಿಡು."

ಶೀತಲ ಕೈ ಬಿಡಿಸಿಕೊಳ್ಳಲಿಲ್ಲ. "ಯವ್ವಾ, ಈ ಪಡದೆಯೊಳಗ ನಾ ಏನ್ ನೋಡ್ತೀನೋ, ಏನ್ ಕೇಳ್ತೀನೋ ಅದು ನನ್ನ ಹೊಟ್ಟ್ಯಾಗ ಇರತೈತಿ. ಫೋನ್ ಯಾರದು, ಯಾರಿಗೆ ಹಚ್ಚತೀರಿ ಅಂತ ಕೇಳೂ ಅಧಿಕಾರ ನನಗೂ ಇಲ್ಲ. ಆದ್ರ ಮಶೀನ್ ತಪ್ಪಸಾಕ ಬರೂದಿಲ್ರಿ. ನಿಮ್ಮ ಸಲುವಾಗಿ ಒಂದು ಬಿಟ್ರ ಇನ್ನೊಬ್ಬರದು ಹೆಂಗ ಹಿಡೀಲಿ ನಾ? ವಿಮಾನದಾಗ ನೀವೂ ಕುಂದರತೀರಿ."

"ಇಲ್ಲೇ ಬಿಟ್ಟು ಹೋದ್ರ?"

"ಬಿಟ್ಟು ಹೋದ್ರ ತಿರುಗಿ ಸಿಗೂದು ಕಷ್ಟ ಐತ್ರಿ."

ಅದು ಹೋದರೆ ಮಗಳೂ ಹೋದಂತೆ. ಗುರುಬಾಯಿ ನಿರಿಗೆಯೊಳಗೆ ಕೈಹಾಕಿ ಚಂಚಿಯ ಗಂಟು ಬಿಚ್ಚತೊಡಗಿದಳು. ಬಿಗಿದ ಗಂಟು ಬಿಚ್ಚಲಾಗಲಿಲ್ಲ. ಶೀತಲ ಕೆಳಗೆ ಕೂತು ತಾನೇ ಬಿಚ್ಚಿ, ಫೋನನ್ನೂ ಡಬ್ಬಿಯನ್ನೂ ಒಂದು ಟ್ರೇಯಲ್ಲಿಟ್ಟಳು. "ನಿಮ್ಮ ಮನಿಯವರು ಮುಂದ ಹೋಗಿ ಕುರ್ಚಿಮ್ಯಾಲ ಕುಂತಿದ್ರ ಅಷ್ಟರಾಗ ನೀವು ತಗೊಂಡುಬಿಡ್ರಿ. ಸಾಮಾನ ತಗೊಂಡವರು ಮುಂದ ನಡೀರಿ ಅಂತ ಹೇಳ್ತೀನಿ. ಅದು ನನ್ನ ಕೆಲಸಾನ ಐತಿ" ಎಂದು ಪಡದೆ ಸರಿಸಿದಳು.

ಅವಳು ಹೇಳಿದಂತೆಯೇ ಕೂಗಿ ಹೇಳಿದಳು. ಬೇರೆಯವರೆಲ್ಲ ತಮ್ಮ ತಮ್ಮ ಚೀಲ ಎತ್ತಿಕೊಂಡು ಮುಂದೆ ಹೋದರು. ಭೀಮಣ್ಣ ಹೋಗುವಂತಿರಲಿಲ್ಲ. ಅವನ ಕೈಚೀಲವನ್ನೇ ತಡೆದು ನಿಲ್ಲಿಸಿದ್ದರು. ಅದರೊಳಗಿದ್ದ ಬಟ್ಟೆಯ ಗಂಟೊಂದನ್ನು ಇನ್ನೊಬ್ಬ ಸಿಬ್ಬಂದಿ ಮೇಜಿನ ಮೇಲಿಟ್ಟು, ಈ ಪುಡಿ ಏನು ಎಂದು ಕೇಳುತ್ತಿದ್ದ.

"ಬಿರೋಬಾನ ಭಂಡಾರ ಐತಿ" ಎನ್ನುತ್ತಿದ್ದ ಭೀಮಣ್ಣ. "ಅದನ್ನ ಹಂಗ ಬಿಚ್ಚಬಾರದು. ಕೈಕಾಲು ತೊಳಕೊಂಡು ಬಿಚ್ಚೂದು."

ಸಿಬ್ಬಂದಿ ಒಳ್ಳೆಯ ಮಾತಿನಲ್ಲೇ ಹೇಳಿದ. ಬಿಚ್ಚದೆ ಒಳಗೆ ಬಿಡಲು ಬರುವುದಿಲ್ಲ, ಬೇಕಾದರೆ ನೀವೇ ಬಿಚ್ಚಿ ಎಂದ. ಭೀಮಣ್ಣ ಕಾಲಲ್ಲಿನ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ಏನೋ ಅಂದುಕೊಂಡು ಗಂಟು ಬಿಚ್ಚಿದ. ಮನೆದೇವರ ಪ್ರಸಾದದ ಅರಿಶಿನದ ಪುಡಿ ಆ ಬೆಳಕಿನಲ್ಲಿ ಎಲ್ಲರ ಮುಂದೆ ತೆರೆದುಕೊಂಡಿತು. ಮೂವತ್ತು ವರ್ಷ ಸಂಸಾರ ಮಾಡಿದ ಗುರುಬಾಯಿ ಕೂಡ ಆ ಗಂಟನ್ನು ಬಿಚ್ಚಿದವಳಲ್ಲ. ಗಂಡನ ಮುಖ ಸಣ್ಣದಾದದ್ದನ್ನು ನೋಡಿ ಅವಳಿಗೆ ಕೆಡುಕೆನಿಸಿತು.

ಅದೇ ಹೊತ್ತಿಗೆ ಬೆಲ್ಟಿನ ಮೇಲೆ ಒಂದು ಟ್ರೇ ಹೊರಗೆ ಬಂತು. ಅದರಲ್ಲಿ ಒಂದು ಸುಣ್ಣದ ಡಬ್ಬಿ, ಒಂದು ಗುಂಡಿ ಫೋನು. ಬೇರೆ ಏನೂ ಇರಲಿಲ್ಲ. ಯಂತ್ರದ ಮುಂದೆ ಕೂತವನು ಅದನ್ನು ಎತ್ತಿ ಹಿಡಿದು ಜೋರಾಗಿ ಕೇಳಿದ. "ಹಾ ಫೋನ್ ಕೋಣಾಚಾ ಆಹೇ?"

ಈ ಫೋನು ಯಾರದು ಎಂದು ಅವನು ಇನ್ನೊಮ್ಮೆ ಕೇಳಿದ. ವಾರಸುದಾರರಿಲ್ಲದ ಸಾಮಾನು ಅಲ್ಲಿ ಒಂದು ನಿಮಿಷವೂ ಇರುವಂತಿಲ್ಲ ಎನ್ನುವುದು ಅವನ ದನಿಯಲ್ಲೇ ಗೊತ್ತಾಗುತ್ತಿತ್ತು. ಭೀಮಣ್ಣ ಭಂಡಾರದ ಗಂಟು ಕಟ್ಟುತ್ತ ತಲೆಯೆತ್ತಿದ. ಸುಣ್ಣದ ಡಬ್ಬಿಯ ಮೇಲೆ ಅವನ ಕಣ್ಣು ನಿಂತಿತು. ಆ ಡಬ್ಬಿಯನ್ನು ಅವನೇ ಅಕ್ಕಲಕೋಟೆಯ ಸಂತೆಯಲ್ಲಿ ಕೊಂಡು ತಂದಿದ್ದ.

"ನಂದ್ರಿ" ಎಂದಳು ಗುರುಬಾಯಿ. ದನಿ ತಾನು ಅಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿ ಬಂತು.

ಭೀಮಣ್ಣ ಮುಂದೆ ಬಂದು ಟ್ರೇಯಿಂದ ಎರಡನ್ನೂ ತೆಗೆದುಕೊಂಡ. ಡಬ್ಬಿಯನ್ನು ಅವಳ ಕೈಗೆ ಕೊಟ್ಟ. ಫೋನನ್ನು ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ.

ಒಳಗಿನ ಸಭಾಗೃಹದಂಥ ಕೋಣೆಯಲ್ಲಿ ಸಾಲು ಕುರ್ಚಿಗಳು. ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಗಾಜಿನ ಆಚೆ ಬಿಸಿಲಲ್ಲಿ ವಿಮಾನ ನಿಂತಿತ್ತು, ಅಷ್ಟು ದೂರದಿಂದ ಬಂದವರು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಎಷ್ಟು ವರ್ಷ ಆತು?" ಎಂದ ಭೀಮಣ್ಣ.

"ಐದು ದೀಪಾವಳಿ."

ಯಾರ ಜೊತೆ ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವನ ಬೆರಳ ತುದಿಗೆ ಹತ್ತಿದ್ದ ಭಂಡಾರದ ಹಳದಿ ಹಾಗೇ ಇತ್ತು. ಅದನ್ನು ಒರೆಸಿಕೊಳ್ಳಲೂ ತೋಚದೆ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

ಆಗ ಅವನ ಕಿಸೆಯಲ್ಲಿ ಫೋನು ನಡುಗಿತು. ಐದು ವರ್ಷದಿಂದ ಗುರುಬಾಯಿ ಅದಕ್ಕೆ ದನಿ ಕೊಟ್ಟಿರಲಿಲ್ಲ, ನಡುಕ ಮಾತ್ರ. ಭೀಮಣ್ಣ ಅದನ್ನು ಹೊರತೆಗೆದು ನೋಡಿದ. ಮೂರು ಸಲ ನಡುಗುವವರೆಗೂ ನೋಡುತ್ತಲೇ ಇದ್ದ. ಆಮೇಲೆ ಹಸಿರು ಗುಂಡಿ ಒತ್ತಿ ಕಿವಿಗಿಟ್ಟುಕೊಂಡ.

ಮಗಳ ದನಿ ಪಕ್ಕದಲ್ಲಿ ಕೂತ ಗುರುಬಾಯಿಗೂ ಕೇಳಿಸಿತು. "ಅವ್ವಾ, ಬಸ್ಸು ಹಾದ್ಯಾಗ ನಿಂತುಬಿಡ್ತು. ಈಗ ಬಂದು ಮುಟ್ಟೀನಿ, ಬಾಗಿಲ ಮುಂದ ಅದೀನಿ. ನೀವಿಬ್ಬರೂ ಒಳಗ ಹೋದ್ರೇನು? ಅವ್ವಾ, ಅಪ್ಪ ಬಾಜೂಕ ಇದ್ರ ಮಾತಾಡಬ್ಯಾಡ, ಬರೇ ಕೆಮ್ಮು. ಭಕ್ತಿ ಮುಂಜಾನಿಂದ ಆಜಿ ಆಜಿ ಅಂತ ಹಟ ಹಿಡದಾಳ. ಅವ್ವಾ?"

ಗಂಡ ಏನಾದರೂ ಅನ್ನುತ್ತಾನೆ ಎಂದು ಗುರುಬಾಯಿ ಕಾದಳು. ಅವನು ಫೋನನ್ನು ಕಿವಿಯಿಂದ ತೆಗೆದು ಅವಳ ಉಡಿಯಲ್ಲಿಟ್ಟು, "ನಿಂದು" ಎಂದಷ್ಟೇ ಹೇಳಿ ಎದ್ದು ಹೋದ.

ಗುರುಬಾಯಿ ಫೋನು ಹಿಡಿದಳು. "ಅಲ್ಲೇ ಇರು ಯವ್ವಾ. ಹೋಗಬ್ಯಾಡ" ಎಂದಳು.

ಕೋಣೆಯ ಆ ತುದಿಯಲ್ಲಿ, ತಾವು ದಾಟಿ ಬಂದ ಜಾಗದ ಹತ್ತಿರ, ಭೀಮಣ್ಣ ಶೀತಲಳ ಮುಂದೆ ನಿಂತಿದ್ದ. ಗುರುಬಾಯಿ ಎದ್ದು ಹತ್ತಿರ ಹೋದಳು. "ಒಂದ ಐದು ಮಿನಿಟು ಇಕಿನ್ನ ಹೊರಗ ಬಿಡು ತಂಗಿ" ಎನ್ನುತ್ತಿದ್ದ ಅವನು. "ನಾ ಇಲ್ಲೇ ಇರ್ತೀನಿ. ನನ್ನ ಸಾಮಾನೆಲ್ಲಾ ನಿನ್ನ ಹತ್ರ ಇಟ್ಟುಕೋ. ಇಕಿ ಹೋಗಿ ಬರಲಿ."

"ಕಾಕಾ, ಒಮ್ಮೆ ತಪಾಸ ಆಗಿ ಒಳಗ ಬಂದವರು ಹೊರಗ ಹೋದ್ರ ಎಲ್ಲಾ ಮೊದಲಿಂದ ಆಗಬೇಕು. ಅಷ್ಟು ಹೊತ್ತು ವಿಮಾನ ನಿಂದರೂದಿಲ್ರಿ. ನನ್ನ ಕೈಯಾಗ ಇದ್ದಿದ್ರ ನಾನ ಕರಕೊಂಡು ಹೋಗ್ತಿದ್ದೆ."

"ಹಂಗಾರ ಹೊರಗ ನಿಂತ ಆಕಿಯನ್ನ ಒಳಗ ಬಿಡು."

"ಟಿಕೀಟ್ ಇಲ್ಲದವರಿಗೆ ಬರೂದಿಲ್ರಿ."

ಅವನು ಮತ್ತೆ ಕೇಳಲಿಲ್ಲ. ಕೇಳಿ ಅಭ್ಯಾಸವಿಲ್ಲದ ಮನುಷ್ಯ, ಇಷ್ಟು ಕೇಳಿದ್ದೇ ಹೆಚ್ಚು. ತಿರುಗಿ ಹೊರಟಾಗ ಶೀತಲ ಗುರುಬಾಯಿಯನ್ನು ತಡೆದಳು.

"ಯವ್ವಾ, ಒಂದು ಮಾತು. ಇಲ್ಲಿಂದ ವಿಮಾನದ ತನಕ ನಡಕೊಂಡು ಹೋಗ್ತೀರಿ. ಬಲಗಡೆ ತಂತಿ ಬೇಲಿ ಐತಿ, ಬೇಲಿ ಆಚೆ ರಸ್ತಾ, ರಸ್ತಾದ ಮ್ಯಾಲ ಒಂದು ಬೇವಿನ ಗಿಡ. ದಿನಾ ಮಂದಿ ಅಲ್ಲಿ ನಿಂತು ವಿಮಾನ ನೋಡ್ತಾರ. ಮಗಳಿಗೆ ಅಲ್ಲಿ ಹೋಗಾಕ ಹೇಳ್ರಿ. ನೀವು ನಿಂದರಬಾರದು, ಗೆರಿ ದಾಟಬಾರದು. ನಡಕೋತ ನೋಡಾಕ ಯಾರೂ ಬ್ಯಾಡ ಅನ್ನೂದಿಲ್ಲ."

ಗುರುಬಾಯಿ ಕುರ್ಚಿಗೆ ಬಂದು, ಗಂಡನ ಪಕ್ಕದಲ್ಲೇ ಕೂತು, ಎರಡನ್ನು ಒತ್ತಿ ಹಿಡಿದಳು. ಬೇಲಿ, ರಸ್ತೆ, ಬೇವಿನಗಿಡ ಎಲ್ಲವನ್ನೂ ಹೇಳಿದಳು. ಪಿಸುಗುಡಲಿಲ್ಲ. ಆ ಕಡೆಯಿಂದ ಮಗಳು, "ಅಪ್ಪ ಇಲ್ಲೇನು ಬಾಜೂಕ?" ಎಂದು ಕೇಳಿದಳು. ಗುರುಬಾಯಿ ಗಂಡನ ಕಡೆ ನೋಡಿದಳು. ಅವನು ಗಾಜಿನಾಚೆ ನೋಡುತ್ತಿದ್ದ.

"ಅದಾರ" ಎಂದಳು.

ಫೋನಿನಲ್ಲಿ ಓಡುವ ಹೆಜ್ಜೆಗಳ ಸಪ್ಪಳ ಕೇಳಿಸಿತು.

ವಿಮಾನಕ್ಕೆ ಕರೆದಾಗ ಸಾಲಿನಲ್ಲಿ ಅವರೇ ಕಡೆಯವರು. ಹೊರಗೆ ಡಾಂಬರಿನ ಮೇಲೆ ಬಿಳಿ ಗೆರೆ ಎಳೆದಿತ್ತು, ಆ ಗೆರೆಯ ಗುಂಟ ನಡೆಯಬೇಕು. ಬಿಸಿಲು ಕಣ್ಣಿಗೆ ಹೊಡೆಯಿತು. ಗುರುಬಾಯಿ ಕೈಯನ್ನು ಹುಬ್ಬಿನ ಮೇಲಿಟ್ಟು ಬಲಕ್ಕೆ ನೋಡಿದಳು. ಅವಳ ಬಲಕ್ಕೆ ಭೀಮಣ್ಣ ನಡೆಯುತ್ತಿದ್ದ, ಅವನ ದೊಡ್ಡ ರುಮಾಲು ಅಡ್ಡ ಬರುತ್ತಿತ್ತು. ಅವಳು ಏನೂ ಹೇಳುವ ಮೊದಲೇ ಅವನು ಹಿಂದೆ ಸರಿದು, ಅವಳನ್ನು ಬಳಸಿ ಎಡಕ್ಕೆ ಬಂದ.

ಬೇಲಿ ದೂರವಿತ್ತು. ಅಂದುಕೊಂಡದ್ದಕ್ಕಿಂತ ಬಹಳ ದೂರ. ಬೇವಿನಗಿಡದ ಕೆಳಗೆ ಏಳೆಂಟು ಮಂದಿ ನಿಂತಿದ್ದರು. ಅವರಲ್ಲಿ ಒಬ್ಬಳು ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡಿದ್ದಳು. ಕೂಸಿನ ಮೈಮೇಲೆ ಹಳದಿ. ಮುಖ ಕಾಣಲಿಲ್ಲ, ಮೂಗು ಕಣ್ಣು ಯಾರಂತೆ ಎಂದು ತಿಳಿಯಲಿಲ್ಲ. ಆದರೆ ನಿಂತ ಹೆಣ್ಣುಮಗಳು ಒಂದು ಕಾಲಿನ ಮೇಲೆ ಭಾರ ಬಿಟ್ಟು, ಸೊಂಟ ಓರೆ ಮಾಡಿ ನಿಂತಿದ್ದ ರೀತಿ ಗುರುಬಾಯಿಗೆ ಗೊತ್ತಿತ್ತು. ನೀರಿನ ಕೊಡ ಹೊತ್ತಾಗ ಸಾರಿಕಾ ಹಾಗೇ ನಿಲ್ಲುತ್ತಿದ್ದಳು. ಹಳದಿಯ ಚುಕ್ಕೆಯಿಂದ ಒಂದು ಸಣ್ಣ ಕೈ ಎದ್ದು ಆಡತೊಡಗಿತು. ಅದು ಅಜ್ಜಿಗೋ, ವಿಮಾನಕ್ಕೋ ಹೇಳಲು ಬರುವಂತಿರಲಿಲ್ಲ.

ಗುರುಬಾಯಿಯೂ ಕೈಯೆತ್ತಿದಳು. ನಡೆಯುತ್ತಲೇ ಇದ್ದಳು. ಎಷ್ಟು ಸಣ್ಣ ಹೆಜ್ಜೆ ಇಡಬಹುದೋ ಅಷ್ಟು ಸಣ್ಣ ಹೆಜ್ಜೆ ಇಟ್ಟಳು. ಬೇಲಿಯ ಕಡೆಯಿಂದ ಯಾವ ದನಿಯೂ ಇಷ್ಟು ದೂರ ಬರಲಿಲ್ಲ.

ವಿಮಾನದ ಮೆಟ್ಟಿಲ ಹತ್ತಿರ ಬಂದಾಗ ತನ್ನ ಪಕ್ಕದಲ್ಲಿ ಗಂಡ ಇಲ್ಲವೆಂದು ಅವಳಿಗೆ ಗೊತ್ತಾಯಿತು. ಅವನು ಹತ್ತು ಹೆಜ್ಜೆ ಹಿಂದೆ, ಗೆರೆಯ ಮೇಲೆಯೇ, ನಿಂತುಬಿಟ್ಟಿದ್ದ. ಬೇಲಿಯ ಕಡೆ ತಿರುಗಿದ್ದ. ಅವನ ಬಲಗೈ ಮೊಣಕೈಯವರೆಗೆ ಎದ್ದು ಅಲ್ಲೇ ತಡೆದಿತ್ತು. ದೂರದ ಕುರಿಗೆ ಬಾ ಎನ್ನುವಾಗಲೂ ನಿಲ್ಲು ಎನ್ನುವಾಗಲೂ ಅವನು ಹಾಗೇ ಕೈ ಹಿಡಿಯುತ್ತಿದ್ದ. ಸಿಬ್ಬಂದಿಯ ಹುಡುಗಿಯೊಬ್ಬಳು ಅವನ ಹತ್ತಿರ ಹೋಗಿ, "ಕಾಕಾ, ಇಥೇ ಥಾಂಬು ನಕಾ" ಎಂದು, ಇಲ್ಲಿ ನಿಲ್ಲಬೇಡಿ ಎನ್ನುವಂತೆ ಕೈ ತೋರಿಸಿದಳು. ಅವನು ಕೈ ಇಳಿಸಿ ಬಂದ.

ಒಳಗೆ ಕೂತ ಮೇಲೆ ನೋಡಿದರೆ ಅವರ ಕಿಟಕಿ ಬೇರೆ ಬದಿಗಿತ್ತು. ಬೇಲಿಯೂ ಇಲ್ಲ, ಬೇವಿನಗಿಡವೂ ಇಲ್ಲ, ಬರೀ ಬಯಲು.

"ಹಳದೀದು ಆಕಿ ಕೂಸೇನು?" ಎಂದ ಭೀಮಣ್ಣ.

"ಹೂಂ. ಭಕ್ತಿ ಅಂತ ಹೆಸರು."

"ಎತ್ತರ ಆಗ್ಯಾಳ."

ಕೂಸು ತಾಯಿಯ ಹೆಗಲ ಮೇಲಿತ್ತು ಎಂದು ಗುರುಬಾಯಿ ಹೇಳಲಿಲ್ಲ. ಹೌದು ಎಂದಳು.

ಮುಂಬೈಯಲ್ಲಿ ಶಾಲು ಹೊದಿಸಿದರು, ಕರೀ ಉಣ್ಣೆಯ ಬಗ್ಗೆ ಭೀಮಣ್ಣ ನಾಲ್ಕು ಮಾತು ಆಡಿದ, ಮಂದಿ ಚಪ್ಪಾಳೆ ತಟ್ಟಿದರು. ತಿರುಗಿ ಸೊಲ್ಲಾಪುರದಲ್ಲಿ ಇಳಿದ ದಿನ ಸಾರಿಕಾಳಿಗೆ ಪಾಳಿ ಇತ್ತು, ಬರಲಾಗಲಿಲ್ಲ. ಇಬ್ಬರೂ ಅನಂತ ಡಾಕ್ಟರ ಜೀಪಿನಲ್ಲಿ ಊರು ಸೇರಿದರು.

ಆಮೇಲೆ ಫೋನು ಮತ್ತೆ ಚಂಚಿಗೆ ಹೋಗಲಿಲ್ಲ. ಮನೆಯ ಗೋಡೆಯ ಮಾಡದಲ್ಲಿ, ಭೀಮಣ್ಣನ ಫೋನಿನ ಪಕ್ಕದಲ್ಲೇ ಇರತೊಡಗಿತು. ಅದಕ್ಕೆ ದನಿಯೂ ಬಂತು. ಅದು ಬಾರಿಸಿದಾಗ ಭೀಮಣ್ಣ ಕೂತಲ್ಲಿಂದ ಎದ್ದು ಕುರಿದೊಡ್ಡಿಯ ಕಡೆ ಹೋಗಿಬಿಡುತ್ತಿದ್ದ. ಅವನು ಹೋಗುವುದು ತನಗಾಗಿಯೇ ಎಂದು ಗುರುಬಾಯಿಗೆ ತಿಳಿಯುತ್ತಿತ್ತು. ಆದರೂ ಮನೆಯೊಳಗೆ ನಿಂತು ಮಾತಾಡುವಾಗ ಊಟ ಆಯಿತೇ, ಕೂಸು ಸಾಲೆಗೆ ಹೋಯಿತೇ ಎಂಬಲ್ಲಿಗೆ ಮಾತು ಮುಗಿದುಹೋಗುತ್ತಿತ್ತು. ಮೊಣಕಾಲ ನೋವಿನ ಮಾತು ಬರುತ್ತಿರಲಿಲ್ಲ, ಕನಸಿನ ಮಾತು ಬರುತ್ತಿರಲಿಲ್ಲ. ಕದ್ದು ಆಡುತ್ತಿದ್ದ ಆ ಹತ್ತು ನಿಮಿಷಕ್ಕಾಗಿ ಅವಳ ಜೀವ ಹಂಬಲಿಸುತ್ತಿತ್ತು. ಇದನ್ನು ಯಾರಿಗೆ ಹೇಳುವುದು, ಹೇಳಿದರೂ ಯಾರು ನಂಬಿಯಾರು ಎಂದು ಸುಮ್ಮನಿರುತ್ತಿದ್ದಳು.

ಶ್ರಾವಣ ಹತ್ತಿರ ಬಂತು. ಒಂದು ಬೆಳಿಗ್ಗೆ ರೊಟ್ಟಿ ತಿನ್ನುತ್ತ ಕೂತ ಭೀಮಣ್ಣ, ತಾಟಿನಿಂದ ತಲೆಯೆತ್ತದೆ ಹೇಳಿದ. "ಪಂಚಮಿಗೆ ಎಸ್‌ಟಿ ಒಳಗ ಭಾಳ ಗದ್ದಲ ಇರತೈತಿ. ಕೂಸು ಕರಕೊಂಡು ಬರೋರು ಒಂದಿನ ಮೊದಲ ಬಂದ್ರ ಚಲೋ."

ಗುರುಬಾಯಿಯ ಕೈ ತವೆಯ ಮೇಲೆ ನಿಂತಿತು. ಅವನು ಕೈ ತೊಳೆದು, ಕಂಬಳಿ ಹೆಗಲಿಗೆ ಹಾಕಿಕೊಂಡು, ಕುರಿ ಹೊಡೆದುಕೊಂಡು ಹೋದ.

ಮಾಡದಲ್ಲಿ ಫೋನಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಅವಳು ಮಧ್ಯಾಹ್ನದವರೆಗೆ ಕಾದಳು. ಫೋನನ್ನು ಜೊತೆಗೆ ಒಯ್ದು, ಬುತ್ತಿ ಕೊಟ್ಟು ಬರುವಾಗ ಜಾಲಿಗಿಡದ ಕೆಳಗೆ ಕೂತು ಮಗಳಿಗೆ ಹಚ್ಚಿದಳು. ಆ ಕಡೆ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಈ ವಾರ ಮಗಳ ಪಾಳಿ ಬಿಡುವುದು ಮೂರಕ್ಕೆ ಎಂದು ಅವಳಿಗೆ ನೆನಪಾಯಿತು. ಬಿಸಿಲು ಇನ್ನೂ ನೆತ್ತಿಯಿಂದ ಇಳಿದಿರಲಿಲ್ಲ. ದಿಬ್ಬದಾಚೆ ಕುರಿಗಳ ಸದ್ದು ಕೇಳುತ್ತಿತ್ತು. ಗುರುಬಾಯಿ ಫೋನನ್ನು ಉಡಿಯಲ್ಲಿಟ್ಟುಕೊಂಡು, ಸೊಲ್ಲಾಪುರದ ದಾರಿ ಇರುವ ದಿಕ್ಕಿಗೆ ಮುಖ ಮಾಡಿ ಕೂತಳು.